ಕೇಳುವ ತನಕ ಬೆಂದ ಕಡುಬು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಕೇಳಿದರೆ ಕತೆ ಅಲ್ಲಿಂದ ಎದ್ದು ಇನ್ನೊಂದು ಊರಿಗೆ ಹೋಗಿ ಕೂತುಬಿಡುತ್ತದೆ, ಹೊಂಬಾಳಮ್ಮ ಅಂತ ಒಬ್ಬಳು ಇದ್ದಳು. ಅವಳ ಹಿತ್ತಿಲಲ್ಲಿ ಒಂದು ಪೀಚ್ ಹಣ್ಣಿನ ಮರ. ಆ ಸೀಮೆಗೆಲ್ಲ ಅದೊಂದೇ ಪೀಚ್ ಮರ. ಅಲ್ಲಿಗೆ ಹೇಗೆ ಬಂತು ಅಂತ ಮರಕ್ಕೂ ನೆನಪಿರಲಿಲ್ಲ. ಹಣ್ಣಿನ ಮೈ ಮುಟ್ಟಿದರೆ ಹಸುಗೂಸಿನ ಕೆನ್ನೆ ಮುಟ್ಟಿದ ಹಾಗೆ ಆಗುತ್ತಿತ್ತು.

ಹಣ್ಣು ಮಾಗಿದ ಕೂಡಲೆ ಹೊಂಬಾಳಮ್ಮ ಹೊದಿಕೆ ಕಡುಬು ಮಾಡುವಳು. ಅದು ಅವಳ ತಾಯಿಯ ತಾಯಿಯ ತಾಯಿಯಿಂದ ಬಂದದ್ದು. ತಾಮ್ರದ ಬೋಗುಣಿಯ ತಳಕ್ಕೆ ಬೆಲ್ಲ, ಏಲಕ್ಕಿ ಹಾಕಿದ ಹಣ್ಣಿನ ಹೋಳು. ಮೇಲೆ ಬೆಣ್ಣೆ ಹಾಕಿ ಕಲೆಸಿದ ಗೋಧಿಹಿಟ್ಟಿನ ದಪ್ಪ ಹೊದಿಕೆ. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಎಷ್ಟು ಹೊತ್ತು ಬೇಯಿಸಬೇಕು ಅನ್ನುವುದರಲ್ಲಿ ಇತ್ತು ಆ ಮನೆತನದ ಗುಟ್ಟು.

ಪಕ್ಕದ ಮನೆಯವಳು ತಾನಾಗಿ ಬಂದು "ಏನೇ ಅದು ಘಮ?" ಅಂತ ಕೇಳುವ ತನಕ ಬೇಯಿಸಬೇಕು. ಕೇಳುವ ಮುಂಚೆ ಇಳಿಸಬಾರದು. ಕರೆದು ಕೇಳಿಸಿದರೆ ಲೆಕ್ಕಕ್ಕಿಲ್ಲ. ಸೌದೆ ಸ್ವಂತ ಮನೆಯದೇ ಆಗಬೇಕು. ನಡುವೆ ಬೆಂಕಿ ಆರಿತೋ, ಆ ಕಡುಬು ಮನೆತನವನ್ನೇ ಬಿಟ್ಟು ಹೊರಟುಹೋಗುತ್ತದೆ. ಮತ್ತೆ ಯಾವ ಮಗಳ ಕೈಗೂ ಅದು ಬರುವುದಿಲ್ಲ.

ಪಕ್ಕದ ಮನೆಯವಳು ಸಿದ್ದಾಜಮ್ಮ. ಇಬ್ಬರೂ ಹೊಂಬಾಳಮ್ಮನ ಮನೆಯ ಒಂದೇ ಜೋಕಾಲಿ ಮಣೆಯ ಮೇಲೆ ಕೂತು ಬೆಳೆದವರು. ಗಂಡಂದಿರು ಮನೆ ಅಳಿಯಂದಿರಾಗಿ ಬಂದರು, ಮುದುಕರಾದರು, ಹೋದರು. ಇವರಿಬ್ಬರು ಮಾತ್ರ ಪಕ್ಕಪಕ್ಕದಲ್ಲೇ ಉಳಿದರು. ವರ್ಷವರ್ಷವೂ ಸಿದ್ದಾಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುವಳು, ಕೇಳುವಳು. ಕೇಳಿದವಳಿಗೆ ಅಂಚಿನ ತುಂಡು. ಪಾಕ ಉಕ್ಕಿ ಬೋಗುಣಿಯ ಅಂಚಿಗೆ ಹತ್ತಿ ಕೆಂಪಗೆ ಗರಿಗರಿಯಾಗಿ ಕೂತಿರುತ್ತದಲ್ಲ, ಅದು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಒಂದು ವರ್ಷ ಏನಾಯಿತಪ್ಪಾ ಅಂದರೆ, ಸಿದ್ದಾಜಮ್ಮ ಕೇಳಿ, ಕಡುಬು ಇಳಿಸಿ, ಇನ್ನೇನು ತುಂಡು ಮುರಿಯಬೇಕು, ಆಗ ರಾಜನ ಕುದುರೆ ಕಿಟಕಿಯಲ್ಲಿ ತಲೆ ತೂರಿಸಿತು. ಅದರ ಮುಖದಲ್ಲಿ ಹಸಿವು ಕಂಡಿತು. ಹೊಂಬಾಳಮ್ಮ ಯೋಚಿಸುವ ಮುಂಚೆಯೇ ಅವಳ ಕೈ ತುಂಡು ಮುರಿದು ಚಾಚಿಬಿಟ್ಟಿತ್ತು. ಅಂಚಿನ ತುಂಡು ಕುದುರೆಯ ಬಾಯಿಗೆ ಹೋಯಿತು. ಸಿದ್ದಾಜಮ್ಮ ಒಂದೇ ಮಾತು ಕೇಳಿದಳು, ತಾನು ಕುದುರೆಗಿಂತ ಕಡೆಯಾದೆನಾ ಅಂತ. ಹೊಂಬಾಳಮ್ಮನಿಗೆ ನಗು ಬಂತು. ನಗಬಾರದಿತ್ತು, ನಕ್ಕುಬಿಟ್ಟಳು.

ಆ ಊರಿನಲ್ಲಿ ಮಾತು ಬಿಡುವುದು ಅಂದರೆ ನಮ್ಮ ನಿಮ್ಮ ಹಾಗೆ ಮೂತಿ ತಿರುಗಿಸಿಕೊಂಡು ಹೋಗುವುದಲ್ಲ. ಮನೆಯನ್ನೇ ತಿರುಗಿಸಬೇಕು. ಸಿದ್ದಾಜಮ್ಮ ನಾಲ್ಕು ಜೊತೆ ಎತ್ತು ತರಿಸಿದಳು, ಹಗ್ಗ ಕಟ್ಟಿಸಿದಳು. ಮನೆ ಬೀಸುವ ಕಲ್ಲಿನ ಹಾಗೆ ಗರಗರ ತಿರುಗಿತು. ಬಾಗಿಲು ಕೆರೆಯ ಕಡೆಗೆ ಹೋಯಿತು, ಬೋಳು ಹಿಂಗೋಡೆ ಹೊಂಬಾಳಮ್ಮನ ಕಡೆಗೆ ಬಂತು. ಅಲ್ಲಿನ ಕಟ್ಟಳೆ ಏನೆಂದರೆ, ಮನೆ ತಿರುಗಿಸಿದವರು ತಾವಾಗಿ ಆ ಕಡೆ ಕಾಲಿಡುವ ಹಾಗಿಲ್ಲ. ಇನ್ನೊಬ್ಬರು ಸುತ್ತಿಕೊಂಡು ಬಂದು ಬಾಗಿಲು ತಟ್ಟಬೇಕು. ಹೊಂಬಾಳಮ್ಮನಿಗೂ ಬಿಗುಮಾನ. ಒಂದು ತುಂಡಿಗೆ ಇಷ್ಟೆಲ್ಲ ಮಾಡುವವಳ ಬಾಗಿಲನ್ನು ತಾನು ಯಾಕೆ ತಟ್ಟಬೇಕು ಅಂತ ಸುಮ್ಮನಾದಳು.

ಮುಂದಿನ ಬೇಸಿಗೆಗೆ ಹಣ್ಣು ಮಾಗಿತು. ಹೊಂಬಾಳಮ್ಮ ಅಭ್ಯಾಸದಂತೆ ಹಣ್ಣು ಹೆಚ್ಚಿದಳು, ಹಿಟ್ಟು ಕಲೆಸಿದಳು, ಬೋಗುಣಿ ಇಟ್ಟಳು, ಬೆಂಕಿ ಹಾಕಿದಳು. ಘಮ ಎದ್ದಿತು. ಕೈ ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. ಎದುರಿಗೆ ಬೋಳು ಗೋಡೆ. ಆಗ ನೆನಪಾಯಿತು ನೋಡಿ ಅವಳಿಗೆ.

ಆರಿಸುವ ಹಾಗಿಲ್ಲ, ಇಳಿಸುವ ಹಾಗಿಲ್ಲ. ಹೊಂಬಾಳಮ್ಮ ಇನ್ನೊಂದು ಸೌದೆ ಹಾಕಿದಳು. ಸಂಜೆಗೆ ಇನ್ನೊಂದು. ತಿಂಗಳಿಗೆ ಸೌದೆ ಮುಗಿಯಿತು. ಮಣೆ ಹಾಕಿದಳು. ಮಣೆ ಮುಗಿಯಿತು, ಮಂಚ ಹಾಕಿದಳು. ಮಂಚ ಮುಗಿಯಿತು, ತೊಟ್ಟಿಲು ಹಾಕಿದಳು. ಹಿತ್ತಿಲ ಮರ ಹೆದರಿಕೊಂಡು ಎರಡು ಮಾರು ಆಚೆ ಹೋಗಿ ನಿಂತಿತು. ನಿನ್ನನ್ನು ಮುಟ್ಟುವುದಿಲ್ಲ ಅಂತ ಅದಕ್ಕೆ ಸಮಾಧಾನ ಹೇಳಿ, ಕಿಟಕಿ ಕಿತ್ತು ಹಾಕಿದಳು. ಮರ ಮೂರು ಸಲ ಹೂ ಬಿಟ್ಟಿತು. ಕಡುಬು ಬೇಯುತ್ತಲೇ ಇತ್ತು.

ಬೋಗುಣಿ ಮನೆತನದಲ್ಲಿ ಎಲ್ಲರಿಗಿಂತ ಹಿರಿಯದು, ಹಾಗಾಗಿ ಗೊಣಗುತ್ತಿತ್ತು. ತನ್ನ ಕಲಾಯಿ ಹೋಯಿತು, ತಳ ತೆಳ್ಳಗಾಯಿತು ಅಂತ ದಿನಾ ಒಂದೇ ರಾಗ. ಹೋಗಿ ಕರೆದು ಬರಲಾ ಅಂತ ಹೊಂಬಾಳಮ್ಮ ಕೇಳಿದರೆ, ಕರೆದರೆ ಲೆಕ್ಕಕ್ಕಿಲ್ಲ ಅನ್ನುತ್ತಿತ್ತು. ಜೋಕಾಲಿ ಮಣೆ ಒಲೆಗೆ ಹೋದ ದಿನ ಹೊಂಬಾಳಮ್ಮ ಅತ್ತಳು. ಕಡುಬಿಗಾಗಿ ಅಳುತ್ತೀಯಾ ಅಂತ ಬೋಗುಣಿ ಕೇಳಿತು. ಅಲ್ಲ, ಸಿದ್ದಾಜಿಗಾಗಿ ಅಂದಳು.

ಅತ್ತ ಅರಮನೆಯಲ್ಲಿ ಒಬ್ಬ ರಾಜ. ಮುಚ್ಚಿದ ಮುಚ್ಚಳ ಕಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ತೆಗೆದು ನೋಡಲೇಬೇಕು. ಅವನ ಅರಮನೆಯಲ್ಲಿ ಯಾವ ಪಾತ್ರೆಗೂ ಮುಚ್ಚಳವಿರಲಿಲ್ಲ, ಹಾಲಿನಲ್ಲಿ ಯಾವಾಗಲೂ ನೊಣ. ಮೂರು ವರ್ಷದಿಂದ ಒಂದು ಮುಚ್ಚಳ ತೆಗೆದೇ ಇಲ್ಲ ಅಂತ ಕುದುರೆ ಅವನ ಕಿವಿಯಲ್ಲಿ ಹೇಳಿಬಿಟ್ಟಿತು. ರಾಜ ಬಂದವನೇ ಬೋಗುಣಿಯ ಮುಂದೆ ನಿಂತು, ಏನಿದು ಘಮ ಅಂತ ಕೇಳಿದ. ರಾಜನಾದರೆ ಏನಂತೆ, ಪಕ್ಕದ ಮನೆಯವನಲ್ಲವಲ್ಲ ಅಂದಿತು ಬೋಗುಣಿ.

ರಾಜ ಅರಮನೆಯನ್ನು ಎತ್ತಿಸಿ ತಂದು ಹೊಂಬಾಳಮ್ಮನ ಇನ್ನೊಂದು ಪಕ್ಕಕ್ಕೆ ಇಳಿಸಿದ. ಮತ್ತೆ ಕೇಳಿದ. ಪಕ್ಕದಲ್ಲಿ ಮನೆ ಇದ್ದ ಮಾತ್ರಕ್ಕೆ ಪಕ್ಕದ ಮನೆಯವರಾಗುವುದಿಲ್ಲ, ಮೂರು ಸಲ ಮೊಸರಿಗೆ ಹೆಪ್ಪು ಕೇಳಿರಬೇಕು ಅಂದಿತು ಬೋಗುಣಿ. ರಾಜ ಕಿರೀಟ ಇಟ್ಟುಕೊಂಡೇ ಮೂರು ದಿನ ಲೋಟ ಹಿಡಿದು ಬಂದು ಹೆಪ್ಪು ಕೇಳಿದ. ಜಗಳವನ್ನೂ ಆಡಿರಬೇಕು ಅಂದಿತು ಬೋಗುಣಿ. ರಾಜ ಆನೆ, ಕುದುರೆ, ಸೈನ್ಯ ತಂದು ನಿಲ್ಲಿಸಿದ. ಅದು ಯುದ್ಧ, ಜಗಳ ಬೇರೆ ಅಂತ ಹೊಂಬಾಳಮ್ಮನೇ ತಿಳಿಸಿ ಹೇಳಬೇಕಾಯಿತು. ಆಮೇಲೆ ರಾಜ, ನಿಮ್ಮ ಹುಂಜ ನಮ್ಮ ಅರಮನೆಗೆ ಮುಖ ಮಾಡಿಕೊಂಡು ಕೂಗುತ್ತದೆ ಅಂತ ತಗಾದೆ ತೆಗೆದ. ನಿಮ್ಮ ಅರಮನೆ ನಮ್ಮ ಹುಂಜದ ಮುಂದೆ ಬಂದು ಕೂತಿದೆ ಅಂತ ಇವಳು ಚೆನ್ನಾಗಿ ಜಾಡಿಸಿದಳು. ರಾಜನಿಗೆ ಜನ್ಮದಲ್ಲಿ ಅಷ್ಟು ಸಂತೋಷ ಆಗಿರಲಿಲ್ಲವಂತೆ.

"ಇನ್ನೊಂದೇ ಬಾಕಿ," ಅಂದಿತು ಬೋಗುಣಿ. "ಜಗಳ ಆದ ಮೇಲೆ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಬಂದು, ಸಾರಿಗೆ ಒಂದು ಹಿಡಿ ಉಪ್ಪು ಕೇಳಬೇಕು."

ರಾಜನ ಮುಖ ಸಪ್ಪಗಾಯಿತು. "ಅದೊಂದು ನನ್ನ ಕೈಲಾಗದು. ರಾಜರು ಜಗಳ ಆಡಿದ ಮೇಲೆ ಗೆಲ್ಲುತ್ತಾರೆ, ಇಲ್ಲವೇ ಸೋಲುತ್ತಾರೆ. ಉಪ್ಪು ಕೇಳುವುದಿಲ್ಲ." ಹಾಗಂದು ಬೋಗುಣಿಯ ಎದುರಿಗೆ ಕೂತು, ಮುಚ್ಚಳವನ್ನೇ ನೋಡುತ್ತಾ ಕಣ್ಣೀರು ಹಾಕಿದ.

ಬೋಗುಣಿ ಆ ಉಪ್ಪಿನ ಮಾತನ್ನು ರಾಜನಿಗೆ ಹೇಳಿತೋ, ಇನ್ನೊಬ್ಬರಿಗೆ ಹೇಳಿತೋ, ನನಗೆ ಗೊತ್ತಿಲ್ಲ. ಹೊಂಬಾಳಮ್ಮ ಮಾತ್ರ ಎದ್ದು ನಿಂತಳು. ಮನೆಯಲ್ಲಿ ಏನು ಉಳಿದಿತ್ತು? ತೊಲೆ ಹೋಗಿತ್ತು, ಕಂಬ ಹೋಗಿತ್ತು, ಬಾಗಿಲು ಹೋಗಿತ್ತು. ಆನಿಕೊಳ್ಳಲು ಕಂಬವಿಲ್ಲದೆ ಗೋಡೆಗಳೂ ಮಲಗಿಬಿಟ್ಟಿದ್ದವು. ಹೊಸಿಲು ಒಂದೇ ಬಾಕಿ. ಅವಳ ತಾಯಿ, ತಾಯಿಯ ತಾಯಿ ಎಲ್ಲರೂ ದಾಟಿದ ಹೊಸಿಲು. ಅದಕ್ಕೆ ಕೈ ಮುಗಿದು ಕಿತ್ತು ಒಲೆಗೆ ಹಾಕಿದಳು. ಅದು ಉರಿಯುವಷ್ಟು ಹೊತ್ತು ಮಾತ್ರ ಅವಳ ಕೈಯಲ್ಲಿತ್ತು. ಒಂದು ಬಟ್ಟಲು ಹಿಡಿದುಕೊಂಡು ಹೊರಟಳು.

ಹಿಂಗೋಡೆ ದಾಟಿದಳು, ಪಕ್ಕದ ಗೋಡೆ ದಾಟಿದಳು, ಕೆರೆಯ ಏರಿ ಹತ್ತಿ ಇಳಿದಳು. ಮೂರು ವರ್ಷದಲ್ಲಿ ಆ ದಾರಿಯ ತುಂಬಾ ಹುಲ್ಲು ಬೆಳೆದಿತ್ತು. ಬಾಗಿಲು ತಟ್ಟಲು ಕೈ ಎತ್ತಿದಳು. ತಟ್ಟಿದಳೋ ಇಲ್ಲವೋ, ಬಾಗಿಲು ತೆರೆಯಿತು. ಅಗುಳಿಯ ಮೇಲೆ ಕೈ ಇಟ್ಟುಕೊಂಡೇ ಸಿದ್ದಾಜಮ್ಮ ಒಳಗೆ ನಿಂತಿದ್ದ ಹಾಗಿತ್ತು. ತಲೆ ಪೂರಾ ಬೆಳ್ಳಗಾಗಿತ್ತು.

"ಸಾರಿಗೆ ಒಂದು ಹಿಡಿ ಉಪ್ಪು ಕೊಡೇ," ಅಂದಳು ಹೊಂಬಾಳಮ್ಮ.

ಸಿದ್ದಾಜಮ್ಮ ಬಟ್ಟಲು ಇಸಕೊಂಡು ಒಳಗೆ ಹೋದಳು. ಉಪ್ಪನ್ನು ತುಂಬಿ, ಒತ್ತಿ, ಮತ್ತೆ ತುಂಬಿ, ಗೋಪುರ ಮಾಡಿ ತಂದಳು. ಕೊಡುವಾಗ ಹತ್ತಿರ ಬಂದಳು. ಮೂರು ವರ್ಷ ಒಲೆಯ ಮುಂದೆ ಕೂತವಳ ಸೆರಗಿನಲ್ಲಿ, ತಲೆಗೂದಲಲ್ಲಿ, ಅಂಗೈಯಲ್ಲಿ ಪೀಚ್ ಹಣ್ಣು, ಬೆಲ್ಲ, ಏಲಕ್ಕಿ ತುಂಬಿಕೊಂಡಿತ್ತು. ಸಿದ್ದಾಜಮ್ಮ ಅಲ್ಲೇ ನಿಂತಳು. ಬಟ್ಟಲನ್ನು ಬಿಡಲೇ ಇಲ್ಲ.

"ಏನೇ ಅದು ಘಮ?"

ಇಬ್ಬರೂ ಒಂದೇ ಬಟ್ಟಲು ಹಿಡಿದುಕೊಂಡು ಅತ್ತರು. ಉಪ್ಪು ಸ್ವಲ್ಪ ಕರಗಿತು.

ಅಷ್ಟರಲ್ಲಿ ದೂರದಿಂದ ಬೋಗುಣಿ ಕೂಗಿಕೊಂಡಿತು, ಇದು ನಡೆಯದು ಅಂತ. ಪಕ್ಕದ ಮನೆಯವಳು ಮನೆಗೆ ಬಂದು ಕೇಳಬೇಕೇ ಹೊರತು ತನ್ನ ಬಾಗಿಲಲ್ಲಿ ನಿಂತು ಕೇಳಿದರೆ ಹೇಗೆ? ಹೊಂಬಾಳಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಮ್ಮ ಮನೆ ಎಲ್ಲಿಂದ ಶುರುವಾಗುತ್ತದೆ, ತೋರಿಸು ನೋಡೋಣ," ಅಂದಳು.

ಬೋಗುಣಿ ಆ ಕಡೆ ನೋಡಿತು, ಈ ಕಡೆ ನೋಡಿತು. ಬಾಗಿಲಿಲ್ಲ, ಗೋಡೆಯಿಲ್ಲ, ಹೊಸಿಲೂ ಇಲ್ಲ. ಹೊಸಿಲಿಲ್ಲದ ಮನೆಗೆ ಒಳಗೆ ಯಾವುದು, ಹೊರಗೆ ಯಾವುದು? ಬಹಳ ಯೋಚಿಸಿ, ಹಾಗಾದರೆ ಇಡೀ ಊರೇ ಮನೆಯಾಯಿತು, ಸಿದ್ದಾಜಮ್ಮ ಬಂದೇ ಬಿಟ್ಟಿದ್ದಾಳೆ, ಬೇಗ ಇಳಿಸಿ, ನನ್ನ ತಳ ಸುಡುತ್ತಿದೆ ಅಂದಿತು. ಹಾಗಾದರೆ ನಾನು ಯಾರು ಅಂತ ಕೇಳಿದ ರಾಜ. ಅವನೂ ಒಳಗೇ ಇದ್ದನಲ್ಲ, ಮನೆಯವನಾದ. ಮನೆಯವರು ಮುಚ್ಚಳ ತೆಗೆಯಬಹುದು. ಹೆಂಗಸರಿಬ್ಬರೂ ಕೈ ಹಿಡಿದುಕೊಂಡು ಏರಿ ಇಳಿದು ಬಂದರು, ರಾಜ ಎರಡು ಕೈಯಲ್ಲಿ ಮುಚ್ಚಳ ಎತ್ತಿದ.

ಒಳಗೆ ಹಣ್ಣಿರಲಿಲ್ಲ, ಹೊದಿಕೆಯಿರಲಿಲ್ಲ, ನಡುವೇ ಇರಲಿಲ್ಲ. ಮೂರು ವರ್ಷ ಉಕ್ಕಿ ಉಕ್ಕಿ ಎಲ್ಲವೂ ಪಕ್ಕಕ್ಕೆ ಹೋಗಿ ಹತ್ತಿತ್ತು. ಬೋಗುಣಿಯ ತುಂಬಾ ಬರೀ ಅಂಚು. ಕೆಂಪಗೆ, ಗರಿಗರಿಯಾಗಿ, ಸುತ್ತಲೂ ಒಂದೇ ಅಂಚು.

"ಎಲ್ಲಾ ನಿಂದೇ ಕಣೇ," ಅಂದಳು ಹೊಂಬಾಳಮ್ಮ. "ನಗಬಾರದಿತ್ತು ನಾನು."

ಸಿದ್ದಾಜಮ್ಮ ಬೋಗುಣಿಯ ಮುಂದೆ ಕೂತಳು. ಹಿಂಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲ ಮಾಡಿಕೊಂಡು, ಅಲ್ಲೇ ಮಂಚ ಹಾಕಿಕೊಂಡಿದ್ದಳಂತೆ. ಮೊದಮೊದಲು, ಬೇಯಲಿ, ಚೆನ್ನಾಗಿ ಬೇಯಲಿ ಅಂತ ಖುಷಿಪಟ್ಟಳಂತೆ. ಆಮೇಲೆ ಬರಬರುತ್ತಾ ಹೊಗೆಯ ವಾಸನೆಯಲ್ಲೇ ಇದು ಮಂಚ, ಇದು ತೊಟ್ಟಿಲು, ಇದು ಬಾಗಿಲು ಅಂತ ತಿಳಿಯತೊಡಗಿತಂತೆ. "ಜೋಕಾಲಿ ಮಣೆ ಉರಿದ ದಿನ ನಾನು ಉಣ್ಣಲಿಲ್ಲ ಕಣೇ," ಅಂದಳು. ಹಾಗಂದು ಮೊದಲನೇ ತುಂಡು ಮುರಿದಳು. ಮುರಿದವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ರಾಜನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಕುದುರೆಯ ಮುಂದೆ ಹಿಡಿದಳು. ಎರಡನೆಯದು ಹೊಂಬಾಳಮ್ಮನ ಬಾಯಿಗೆ, ಮೂರನೆಯದು ತನಗೆ. ರಾಜನಿಗೆ ಮುಚ್ಚಳ ನೆಕ್ಕಲು ಕೊಟ್ಟರು. ಅವನಿಗೆ ಬೇಕಾಗಿದ್ದದ್ದೂ ಅದೇ.

ಮಾರನೆಯ ದಿನ ಎತ್ತುಗಳು ಬಂದು ಸಿದ್ದಾಜಮ್ಮನ ಮನೆಯನ್ನು ಮತ್ತೆ ತಿರುಗಿಸಿದವು. ಹೊಂಬಾಳಮ್ಮ ಅದರಲ್ಲೇ ಉಳಿದಳು. ಇಬ್ಬರೂ ಒಂದೇ ಮನೆಯವರಾದ ಮೇಲೆ ಮುಂದಿನ ವರ್ಷ ಕಡುಬಿಗೆ ಯಾರು ಕೇಳುವುದು ಅಂತ ನಿಮಗೆ ಚಿಂತೆ. ಪಕ್ಕದ ಅರಮನೆಯ ರಾಜ ಅಷ್ಟರಲ್ಲಿ ಒಂದು ಲೋಟ ಹಿಡಿದುಕೊಂಡು, ಕೆಮ್ಮಿ, ನೆಲ ನೋಡುತ್ತಾ, ಸಾರಿಗೆ ಉಪ್ಪು ಕೇಳುವುದನ್ನು ಕಲಿತಿದ್ದ.

ಈ ಕತೆಯ ನೀತಿ ಏನು ಅಂತ ಪೀಡಿಸಬೇಡಿ. ಹೊಸಿಲು ಚೆನ್ನಾಗಿ ಉರಿಯುತ್ತದೆ, ಅಷ್ಟೇ ನೀತಿ. ಅವರು ಅಲ್ಲಿ ಅಂಚು ಕಡಿಯುತ್ತಾ ಕೂತಿದ್ದಾರೆ, ನಾವು ಇಲ್ಲಿ ಬಾಯಿ ಚಪ್ಪರಿಸುತ್ತಾ ಕೂತಿದ್ದೇವೆ. ಏಳಿ, ನಿಮ್ಮ ಪಕ್ಕದ ಮನೆಯಲ್ಲಿ ಏನೋ ಬೇಯುತ್ತಿರುವ ಹಾಗಿದೆ, ಹೋಗಿ ಕೇಳಿ.