ಕೀಲುನೋವಿಗೊಂದು ದಾಖಲೆ

ಬುದ್ಧಿವಂತಿಕೆಯಲ್ಲಿ ನನ್ನನ್ನು ಸೋಲಿಸಿದವನು ಇಡೀ ಭೂಮಂಡಲದಲ್ಲಿ ಒಬ್ಬನೇ. ಅವನು ನಮ್ಮೂರ ವೈದ್ಯಕೀಯ ಕಾಲೇಜಿನ ಗುಮಾಸ್ತ.

ಆ ಕಾಲೇಜಿನ ಡಾಕ್ಟರು ಸಂಧಿವಾತಕ್ಕೆ ಒಂದು ಔಷಧಿ ಕಂಡುಹಿಡಿದಿದ್ದರು. ಅದನ್ನು ತಿಂದ ಕುಂಟು ಇಲಿಗಳು ಬೆಕ್ಕನ್ನೇ ಅಟ್ಟಿಸಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ! ಇನ್ನು ಮನುಷ್ಯರಿಗೆ ಕೊಟ್ಟು ನೋಡಬೇಕು, ಅದಕ್ಕೆ ಸರ್ಕಾರದ ಅನುದಾನ ಬೇಕು. ಅನುದಾನದ ಅಧಿಕಾರಿ ಕಡತವನ್ನು ಪಕ್ಕಕ್ಕೆ ತಳ್ಳಿದರು.

"ಕೀಲುನೋವು ಯಾರಿಗಿಲ್ಲರೀ? ಎಣ್ಣೆ ತಿಕ್ಕಿಕೊಳ್ಳಲಿ. ಇದು ದೊಡ್ಡ ಕಾಯಿಲೆ ಅನ್ನೋದಕ್ಕೆ ಸರ್ಕಾರಿ ಅಧಿಕಾರಿ ಸಹಿ ಮಾಡಿದ ದಾಖಲೆ ತನ್ನಿ. ಇಲ್ಲದಿದ್ರೆ ನಾಳೆ ಕಡತ ಮುಚ್ತೀನಿ."

ಮರುದಿನ ಗುಮಾಸ್ತ, ಔಷಧಿ ಪ್ರಯೋಗಕ್ಕೆ ಅರವತ್ತು ರೋಗಿಗಳು ಸಹಿ ಮಾಡಿದ ಒಪ್ಪಿಗೆ ಪತ್ರ ತಂದ. ಒಂದೊಂದಕ್ಕೂ ಆ ರೋಗಿಯ ಹಳೇ ಸಹಿಯಿದ್ದ ಬ್ಯಾಂಕಿನ ಕಾಗದ ಲಗತ್ತಿಸಿದ್ದ.

ಅಧಿಕಾರಿ ಕನ್ನಡಕ ಏರಿಸಿದರು. "ಏನಯ್ಯಾ ಇದು! ಬ್ಯಾಂಕಿನ ಕಾಗದದಲ್ಲಿ ಈ ದ್ಯಾಮವ್ವನ ಸಹಿ ಮುತ್ತು ಪೋಣಿಸಿದ ಹಾಗಿದೆ. ಇಲ್ಲಿ ಬರೀ ಕಾಗೆ ಕಾಲು! ಒಂದೂ ತಾಳೆ ಆಗಲ್ಲ!"

"ಹಾಗಂತಲೇ ಬರೆದುಕೊಡಿ ಸ್ವಾಮಿ."

ಅಧಿಕಾರಿ ಹುರುಪಿನಿಂದ ಬರೆದರು: ಅರವತ್ತರಲ್ಲಿ ಒಂದು ಸಹಿಯೂ ತಾಳೆಯಾಗುತ್ತಿಲ್ಲ. ಕೆಳಗೆ ತಮ್ಮ ಸಹಿ ಹಾಕಿ ಮೊಹರು ಒತ್ತಿದರು.

ಗುಮಾಸ್ತ ಕೈಮುಗಿದ. "ನೀವು ಕೇಳಿದ ದಾಖಲೆ ಇದೇ ಸ್ವಾಮಿ. ಅವರ ಬೆರಳುಗಳನ್ನ ಈ ಕಾಯಿಲೆ ಹೀಗೆ ಮಾಡಿದೆ. ಅನುಮಾನ ಇದ್ರೆ ದ್ಯಾಮವ್ವ ಹೊರಗೇ ಕೂತಿದಾರೆ."

ಅಧಿಕಾರಿ ಎದ್ದು ಹೋಗಿ ಪೆನ್ನು ಕೊಟ್ಟರು. ದ್ಯಾಮವ್ವನಿಗೆ ಸೊಟ್ಟ ಬೆರಳುಗಳಲ್ಲಿ ಅದನ್ನು ಹಿಡಿಯಲು ಎರಡು ಕೈ ಬೇಕಾಯಿತು. ಮೊದಲ ಅಕ್ಷರ ಮುಗಿಯುವ ಮೊದಲೇ ಅಧಿಕಾರಿ, "ಸಾಕು ತಾಯಿ" ಎಂದರು.

ಒಳಗೆ ಬಂದು ಅನುದಾನ ಮಂಜೂರು ಮಾಡಿ ಮೆಲ್ಲಗೆ ಕೇಳಿದರು: "ಎಷ್ಟು ವರ್ಷ ಕೊಡಬೇಕಯ್ಯಾ?"

"ಸಹಿ ತಾಳೆ ಆಗೋವರೆಗೆ ಸ್ವಾಮಿ."