ಎರಡನೆಯ ಸುತ್ತಿನ ಊಟ

"ಅಮ್ಮಾ, ನನ್ನ ಅಗತ್ಯವೇ ಇಲ್ಲದ ಕಡೆ ನಾನು ಇನ್ನೂ ಎಷ್ಟು ದಿನ ಇರಬೇಕು?"

ಮಂದಾಕಿನಿ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದಳು. ಅವಳು ವೈದ್ಯಶಾಲೆಯ ಕೊನೆಯ ವರ್ಷದ ಶಿಷ್ಯೆ. ಆ ಶಾಲೆಯಲ್ಲಿ ಓದು ಮುಗಿಯುವ ಮೊದಲು ಪ್ರತಿಯೊಬ್ಬರೂ ಆರು ತಿಂಗಳು ಯಾವುದಾದರೊಂದು ಬಡವರ ಕೇರಿಗೆ ಹೋಗಬೇಕು. ಅಲ್ಲಿನ ಸಂಘದವರು ಹೇಳಿದಂತೆ ಕೇಳಿಕೊಂಡಿದ್ದು, ಸೇವೆ ಮಾಡುತ್ತಲೇ ಕಲಿಯಬೇಕು. ಅವಳನ್ನು ಬುಟ್ಟಿ ಹೆಣೆಯುವವರ ಕೇರಿಗೆ ಕಳಿಸಿದ್ದರು. ಹೋಗಿ ಹದಿನೆಂಟು ದಿನವಾಗಿತ್ತು. ಆ ಬೆಳಿಗ್ಗೆ ಯಾರಿಗೂ ಹೇಳದೆ ಎದ್ದು, ಎರಡು ಹರದಾರಿ ನಡೆದು ಗುರುವಿನ ಬಳಿಗೆ ಬಂದಿದ್ದಳು.

ಗುರು ವಯಸ್ಸಾದ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಅವರು ಬಿಸಿಲಿಗೆ ಹರಡಿದ್ದ ಬೇರುಗಳನ್ನು ಮಗುಚುತ್ತಿದ್ದರು.

"ಕೂತುಕೋ" ಎಂದರು.

"ಕೂರಲಾರೆ ಅಮ್ಮಾ. ಹದಿನೆಂಟು ದಿನದಿಂದ ಕೂತೇ ಇದ್ದೇನೆ. ಅವರು ಬುಟ್ಟಿ ಹೆಣೆದರೆ ನೋಡುತ್ತೇನೆ, ಹಾಡಿದರೆ ಕೇಳುತ್ತೇನೆ. ಒಬ್ಬರಿಗೂ ಒಂದು ಗುಳಿಗೆ ಕೊಟ್ಟಿಲ್ಲ. ಏನಾದರೂ ಕೇಳಿದರೆ 'ನಮಗೇನಾಗಿದೆ ತಾಯಿ, ಗುಂಡುಕಲ್ಲಿನ ಹಾಗಿದ್ದೇವೆ' ಎಂದು ನಗುತ್ತಾರೆ. ಅವರಿಗೇನೂ ಕೊರತೆಯಿಲ್ಲ. ವರದಿಯನ್ನೂ ಬರೆದು ಮುಗಿಸಿದ್ದೇನೆ. ಕೊರತೆ ಇರುವ ಕಡೆ ನನ್ನನ್ನು ಕಳಿಸಿಬಿಡಿ."

ಗುರು ಬೇರು ಮಗುಚುವುದನ್ನು ನಿಲ್ಲಿಸಲಿಲ್ಲ. ಕೆಲಸ ಮಾಡುತ್ತಲೇ ಈ ಕತೆ ಹೇಳಿದರು.

ಸುಣ್ಣ ಸುಡುವವರದೊಂದು ಕೇರಿಯಿತ್ತು. ಇಪ್ಪತ್ತನಾಲ್ಕು ಮನೆ. ಗಂಡಸರು ಕಲ್ಲು ಒಡೆಯುತ್ತಿದ್ದರು. ಹೆಂಗಸರು ಅದನ್ನು ಹೊತ್ತು ಭಟ್ಟಿಗೆ ತುಂಬುತ್ತಿದ್ದರು. ಬಸುರಿಯರೂ ಹೊರುತ್ತಿದ್ದರು. ಹೆರಿಗೆಯ ಹಿಂದಿನ ದಿನದವರೆಗೂ ಹೊರುತ್ತಿದ್ದರು.

ಕೇರಿಯ ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಸಂಘಕ್ಕೆ ಒಂದು ಗುಡಿಸಲು, ಗುಡಿಸಲಿನಲ್ಲಿ ಒಂದು ದೊಡ್ಡ ಹಂಡೆ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಪಟ್ಟಣದ ಧರ್ಮಶಾಲೆಯಿಂದ ಒಂದು ಗಾಡಿ ತುಂಬ ರಾಗಿ, ಹೆಸರುಕಾಳು ಬರುತ್ತಿತ್ತು. ಅದನ್ನು ಆ ಹಂಡೆಯಲ್ಲಿ ಬೇಯಿಸಿ, ಕೇರಿಯ ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಹೊತ್ತು ಬಡಿಸುತ್ತಿದ್ದರು. ಆ ಒಂದು ಹೊತ್ತಿನ ಊಟದ ಬಲದಿಂದಲೇ ಅವರು ಹೆತ್ತು ಏಳುತ್ತಿದ್ದರು.

ಯಾವ ಕೇರಿಗೆ ಗಾಡಿ ಹೋಗಬೇಕು ಎಂಬುದನ್ನು ಧರ್ಮಶಾಲೆಯ ಅಧಿಕಾರಿ ವೈದ್ಯಶಾಲೆಯ ಶಿಷ್ಯರ ವರದಿ ನೋಡಿ ತೀರ್ಮಾನಿಸುತ್ತಿದ್ದ. ಶಿಷ್ಯ ಕೇರಿಯಲ್ಲಿ ಇದ್ದು, ಕಣ್ಣಾರೆ ಕಂಡು, ಬರೆದು ತರುತ್ತಾನೆ. ಆದ್ದರಿಂದ ಅವನ ಮಾತಿಗೆ ತೂಕವಿತ್ತು. ಕೇರಿಯವರು ತಾವೇ ಹೋಗಿ ಹೇಳಿಕೊಂಡರೆ ಆ ಮಾತಿಗೆ ಅಷ್ಟು ತೂಕವಿರಲಿಲ್ಲ.

ಒಂದು ವರ್ಷ ಆ ಕೇರಿಗೆ ಒಬ್ಬ ಶಿಷ್ಯ ಬಂದ. ಜಾಣ. ನಾಡಿ ಹಿಡಿಯುವುದರಲ್ಲಿ ಅವನಿಗೆ ಸಮನಾದವರು ಶಾಲೆಯಲ್ಲಿ ಇರಲಿಲ್ಲ. ಆದರೆ ಕಾಲಡಿ ಕೆಂಡವಿದ್ದವನಂತೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಂದ ದಿನವೇ ಔಷಧದ ಪೆಟ್ಟಿಗೆ ಬಿಚ್ಚಿ, ಪ್ರಶ್ನೆಗಳ ಹೊತ್ತಗೆ ತೆಗೆದು, "ಎಲ್ಲಿಂದ ಶುರು ಮಾಡಲಿ ಅವ್ವಾ?" ಎಂದು ಸಂಘದ ಹಿರಿಯಳನ್ನು ಕೇಳಿದ.

"ಊಟದಿಂದ" ಎಂದಳು ಹಿರಿಯಳು.

ಅವನು ನಕ್ಕ. ಅವಳು ನಗಲಿಲ್ಲ.

"ದಿನಕ್ಕೊಂದು ಮನೆಯಲ್ಲಿ ನಿನ್ನ ಊಟ. ಹಾಗೆ ಎರಡು ಸುತ್ತು ಉಣ್ಣಬೇಕು. ಆಮೇಲೆ ನಿನ್ನ ವರದಿ. ಇದು ನಮ್ಮ ಸಂಘದ ಕಟ್ಟಳೆ."

"ಎರಡು ಸುತ್ತು ಯಾಕೆ? ಒಂದು ಸಲ ನೋಡಿದರೆ ನನಗೆ ತಿಳಿಯುತ್ತದೆ."

"ನಿನಗೆ ತಿಳಿಯಬಹುದಪ್ಪ. ನಮಗೆ ನೀನು ತಿಳಿಯಬೇಡವೇ? ನಾನು ಈ ಕೇರಿಗೆ ಸೊಸೆಯಾಗಿ ಬಂದವಳು. ಹುಟ್ಟಿದೂರು ಎಲ್ಲೋ ದೂರ. ಬಂದ ಹೊಸತರಲ್ಲಿ ಎಲ್ಲರೂ ನನಗೆ ಮಣೆ ಹಾಕಿ ಕೂರಿಸುತ್ತಿದ್ದರು. ಎಷ್ಟು ದಿನ ಮಣೆ ಹಾಕಿದರೋ ಅಷ್ಟು ದಿನ ನಾನು ಹೊರಗಿನವಳೇ ಆಗಿದ್ದೆ."

ಇದು ಅವನ ಕಿವಿಗೆ ಬಿತ್ತು. ಮನಸ್ಸಿಗೆ ಹೋಗಲಿಲ್ಲ. ಅವನು ಆಗಲೇ ಲೆಕ್ಕ ಹಾಕುತ್ತಿದ್ದ: ಇಪ್ಪತ್ತನಾಲ್ಕು ಎರಡಲ ನಲವತ್ತೆಂಟು ದಿನ. ನಲವತ್ತೆಂಟು ದಿನದಲ್ಲಿ ಒಬ್ಬ ಮನುಷ್ಯ ಎಷ್ಟು ಕೆಲಸ ಮಾಡಬಹುದು!

ಮೊದಲ ದಿನದ ಊಟ ಒಬ್ಬ ಬಸುರಿಯ ಮನೆಯಲ್ಲಿ. ಅವಳಿಗೆ ಐದು ತಿಂಗಳು. ಎಲೆ ಹಾಕಿದಳು. ಅನ್ನ ಬಡಿಸಿದಳು, ಬೇಳೆಸಾರು ಬಡಿಸಿದಳು, ಬೇಯಿಸಿದ ಒಂದು ಮೊಟ್ಟೆ ಇಟ್ಟಳು. ನೆಗ್ಗಿದ ಹಿತ್ತಾಳೆ ಬಟ್ಟಲಿನಿಂದ ಅನ್ನದ ಮೇಲೆ ತುಪ್ಪ ಹಾಕಿದಳು. ಅವನು ಉಣ್ಣುತ್ತಲೇ ಹೊತ್ತಗೆ ನೋಡಿ ಪ್ರಶ್ನೆ ಕೇಳಿದ.

"ಮನೆಯಲ್ಲಿ ಏನು ಉಣ್ಣುತ್ತೀರಿ?"

"ಕಾಣುತ್ತಿದೆಯಲ್ಲ ಅಣ್ಣ" ಎಂದು ಅವಳು ನಕ್ಕಳು. "ಇನ್ನೊಂದು ಸೌಟು ಹಾಕಲೇ? ನಾಚಿಕೊಂಡರೆ ಹೊಟ್ಟೆ ಕೇಳುವುದಿಲ್ಲ."

ಎರಡನೆಯ ದಿನ ಎರಡನೆಯ ಮನೆ. ಅಲ್ಲಿಯೂ ಅನ್ನ, ಅಲ್ಲಿಯೂ ತುಪ್ಪ. ಮೂರನೆಯ ಮನೆಯಲ್ಲಿ ಮೊಟ್ಟೆಯ ಬದಲು ಬೆಲ್ಲ. ಅವನು ಬೇಗ ಬೇಗ ಉಂಡು ಏಳುತ್ತಿದ್ದ. ಕೈ ತೊಳೆಯುವ ನೀರು ಬರುವಷ್ಟರಲ್ಲಿ ಹೊತ್ತಗೆಯ ಎರಡು ಪುಟ ತುಂಬಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲದೆ ಕೇರಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಅವನ ಓಡಾಟ ನೋಡಿ ಭಟ್ಟಿಯ ಹೆಂಗಸರು, "ಅಣ್ಣಾ, ಹೇಗೂ ನಡೆಯುತ್ತಿದ್ದೀಯ, ತಲೆಯ ಮೇಲೆ ಒಂದು ಬುಟ್ಟಿ ಕಲ್ಲಿಟ್ಟುಕೋ" ಎಂದು ಕೀಟಲೆ ಮಾಡುತ್ತಿದ್ದರು. ಅವನಿಗೆ ಮೈ ಉರಿಯುತ್ತಿತ್ತು.

ಇಪ್ಪತ್ತನಾಲ್ಕನೆಯ ದಿನ ಮೊದಲ ಸುತ್ತು ಮುಗಿಯಿತು. ಅವನು ಕೂತು ವರದಿ ಬರೆದ. ಇಪ್ಪತ್ತನಾಲ್ಕು ಮನೆಯಲ್ಲಿಯೂ ಅನ್ನವಿದೆ. ಇಪ್ಪತ್ತನಾಲ್ಕು ಮನೆಯಲ್ಲಿಯೂ ತುಪ್ಪವಿದೆ. ಇಲ್ಲಿನ ಬಸುರಿಯರ ನಿತ್ರಾಣಕ್ಕೆ ಹಸಿವು ಕಾರಣವಲ್ಲ, ತಿಳಿವಳಿಕೆ ಸಾಲದು. ಇವರಿಗೆ ಬೇಕಾದದ್ದು ಕಾಳಲ್ಲ, ಬುದ್ಧಿಮಾತು.

ಒಂದು ಮಾತೂ ಸುಳ್ಳಲ್ಲ ಎಂದು ಅವನು ನಂಬಿದ್ದ. ಎಲ್ಲವನ್ನೂ ತಾನೇ ಉಂಡಿದ್ದ.

ಹೊರಡುವಾಗ ಹಿರಿಯಳು ಅಡ್ಡ ನಿಂತಳು.

"ಇನ್ನೊಂದು ಸುತ್ತು ಉಳಿದಿದೆ."

"ಅಷ್ಟರಲ್ಲಿ ಗಾಡಿ ಹೊರಡುವ ಕಾಲ ಆಗಿಬಿಡುತ್ತದೆ ಅವ್ವಾ. ವರದಿ ಬೇಗ ಮುಟ್ಟಿದರೆ ನಿಮಗೇ ಒಳ್ಳೆಯದು."

"ಹಾಗಾದರೆ ನಮ್ಮ ಬಗ್ಗೆ ಬರೆದದ್ದನ್ನು ನಮಗೊಮ್ಮೆ ಓದಿ ಹೇಳಿ ಹೋಗು."

"ಧರ್ಮಶಾಲೆಯ ಬಾಗಿಲು ಹಾಕುವ ಮೊದಲು ತಲುಪಬೇಕು. ಬಂದು ಓದುತ್ತೇನೆ" ಎಂದು ಅವನು ಹೆಜ್ಜೆ ಹಾಕಿದ. ನಡೆದ ಎನ್ನುವುದಕ್ಕಿಂತ ಓಡಿದ ಎನ್ನಬೇಕು.

ಅಧಿಕಾರಿಗೆ ವರದಿ ಬಹಳ ಹಿಡಿಸಿತು. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಯಾರೂ ಬರೆದಿರಲಿಲ್ಲ. ಆ ವರ್ಷದ ಗಾಡಿ ಬೇರೆ ಕೇರಿಗೆ ಹೋಯಿತು.

ಶಿಷ್ಯ ವೈದ್ಯಶಾಲೆಗೆ ಬಂದು ಕೆಲಸ ಮುಗಿಯಿತೆಂದ. ಅಲ್ಲಿನ ಗುರು, "ಎಷ್ಟು ಸುತ್ತು ಉಂಡೆ?" ಎಂದು ಕೇಳಿದರು. "ಒಂದು" ಎಂದ. ಅವರು ಅವನ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟು ಕಳಿಸಿದರು.

ಗೊಣಗುತ್ತಲೇ ಅವನು ಕೇರಿಗೆ ಹಿಂದಿರುಗಿದ. ಸಂಘದ ಗುಡಿಸಲಿನಲ್ಲಿ ಹಂಡೆ ಬೋರಲು ಬಿದ್ದಿತ್ತು. ಹಿರಿಯಳು ಅವನನ್ನು ಏನೂ ಕೇಳಲಿಲ್ಲ. ಇವತ್ತು ಯಾರ ಮನೆಯಲ್ಲಿ ಊಟ ಎಂದು ಮಾತ್ರ ಹೇಳಿದಳು. ಅದೇ ಬಸುರಿಯ ಮನೆ. ಅವಳಿಗೆ ಈಗ ಆರು ತಿಂಗಳು ತುಂಬಿತ್ತು.

ಈ ಸಲ ಎಲೆ ಇರಲಿಲ್ಲ. ಮಣೆಯೂ ಇರಲಿಲ್ಲ. ಅವಳು ಒಂದು ಮಣ್ಣಿನ ಬಟ್ಟಲಿನಲ್ಲಿ ನುಚ್ಚಿನ ಗಂಜಿ ತಂದಿಟ್ಟಳು. ಬಟ್ಟಲಿನ ತಳ ಕಾಣುವಷ್ಟು ತಿಳಿಯಾಗಿತ್ತು. ಪಕ್ಕದಲ್ಲಿ ಎರಡು ಹರಳು ಉಪ್ಪು. ಅವನು ಉಳಿದದ್ದು ಬರಲೆಂದು ಕಾದ. ಗಾಡಿ ತಪ್ಪಿದ್ದಕ್ಕೆ ಇವರಿಗೆ ತನ್ನ ಮೇಲೆ ಸಿಟ್ಟು ಬಂದಿರಬೇಕು ಎಂದುಕೊಂಡ.

"ಕುಡಿ ಅಣ್ಣ, ಇಷ್ಟೇ" ಎಂದಳು ಅವಳು. "ಮೊದಲ ಸುತ್ತಿನಲ್ಲಿ ನೀನು ನೆಂಟ. ಈಗ ನೀನು ಮನೆಯವನು. ಮನೆಯವನಿಗೆ ಮನೆಯ ಊಟ."

"ಅವತ್ತಿನ ಅನ್ನ? ತುಪ್ಪ?"

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ತುಪ್ಪ ಎಲ್ಲಿಂದ ಬರಬೇಕು? ನೆಂಟ ಬರುತ್ತಾನೆಂದು ಕೇರಿಯೆಲ್ಲ ಸೇರಿ ಒಂದು ಬಟ್ಟಲು ತುಪ್ಪ ಕೂಡಿಹಾಕಿದ್ದೆವು. ಯಾರ ಮನೆಯಲ್ಲಿ ನಿನ್ನ ಎಲೆಯೋ ಆ ಮನೆಗೆ ಬಟ್ಟಲು ಹೋಗುತ್ತಿತ್ತು. ಮೊಟ್ಟೆ ಆಚೆ ಮನೆಯ ಕೋಳಿಯದು. ಅಕ್ಕಿಯನ್ನು ಒಬ್ಬೊಬ್ಬರು ಒಂದೊಂದು ಹಿಡಿ ಹಾಕಿದ್ದೆವು. ನಮ್ಮ ಮಾನ ಉಳಿಯಬೇಡವೇ?"

ಅವನು ಕಣ್ಣು ಮುಚ್ಚಿದ. ಇಪ್ಪತ್ತನಾಲ್ಕು ಮನೆಯ ಇಪ್ಪತ್ತನಾಲ್ಕು ತುಪ್ಪದ ಬಟ್ಟಲುಗಳನ್ನು ನೆನಪಿಸಿಕೊಂಡ. ಎಲ್ಲವೂ ಒಂದೇ ಕಡೆ ನೆಗ್ಗಿದ್ದವು.

ಕಣ್ಣು ತೆರೆದಾಗ ಅವಳು ಪಾತ್ರೆಯಲ್ಲಿ ಉಳಿದ ಗಂಜಿಗೆ ನೀರು ಬೆರೆಸಿ ನಿಂತುಕೊಂಡೇ ಕುಡಿಯುತ್ತಿದ್ದಳು. ಅವನು ಅವಳ ಕಣ್ಣಿನ ಕೆಳರೆಪ್ಪೆ ನೋಡಿದ. ಬೆಳ್ಳಗಿತ್ತು. ಕಾಲು ನೋಡಿದ. ಊದಿತ್ತು. ಇದನ್ನೆಲ್ಲ ಅವನು ಚೆನ್ನಾಗಿ ಓದಿದ್ದ. ಮೊದಲ ದಿನ ಅವಳು ಎದುರಿಗೇ ಕೂತಿದ್ದಳು. ಅವನು ಹೊತ್ತಗೆಯನ್ನು ನೋಡಿದ್ದ.

ಗಂಜಿಯನ್ನು ಅಲ್ಲೇ ಬಿಟ್ಟು ಅವನು ಪಟ್ಟಣಕ್ಕೆ ಓಡಿದ. ತಾನು ಬರೆದದ್ದು ತಪ್ಪು, ಗಾಡಿ ಕಳಿಸಿ ಎಂದು ಅಧಿಕಾರಿಯ ಮುಂದೆ ಕೈಮುಗಿದ. ಅಧಿಕಾರಿ ಕೆಟ್ಟವನಲ್ಲ. ಆದರೆ ಗಾಡಿಯ ಕಾಳು ಆಗಲೇ ಇನ್ನೊಂದು ಕೇರಿಯ ಹಂಡೆಯಲ್ಲಿ ಬೇಯುತ್ತಿತ್ತು. ಅಲ್ಲಿಯೂ ಬಸುರಿಯರಿದ್ದರು.

"ಅದನ್ನು ಅವರ ಬಾಯಿಂದ ಕಿತ್ತು ತರಲೇ? ಮುಂದಿನ ಸುಗ್ಗಿ ಆಗಲಿ" ಎಂದ ಅಧಿಕಾರಿ. "ತಿಂಗಳ ಹಿಂದೆ ತುಪ್ಪ ಎಂದು ಬರೆದೆ. ಈಗ ನೀರು ಎನ್ನುತ್ತೀಯ. ಎರಡೂ ನಿನ್ನದೇ ಕಣ್ಣು. ಮುಂದಿನ ಸಲ ಯಾವುದನ್ನು ನಂಬಬೇಕೆಂದು ನೀನೇ ಹೇಳು."

ಅವನು ಬರಿಗೈಯಲ್ಲಿ ಬಂದ. ಕೇರಿಯೊಳಗೆ ಕಾಲಿಡಲು ಆಗಲಿಲ್ಲ. ಭಟ್ಟಿಯ ಬಳಿಯೇ ಅತ್ತಿಂದಿತ್ತ ಸುಳಿದಾಡುತ್ತಿದ್ದವನನ್ನು ಹಿರಿಯಳು ಕಂಡಳು. ಅವನು ವರದಿಯಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಅವಳಿಗೆ ಹೇಳಿದ. ಅವಳು ಪೂರ್ತಿ ಕೇಳಿದಳು.

"ನನ್ನನ್ನು ಓಡಿಸಿಬಿಡಿ ಅವ್ವಾ" ಎಂದ.

"ಓಡುವುದು ನಿನಗೆ ಚೆನ್ನಾಗಿ ಬರುತ್ತದೆ, ನಾವು ಬೇರೆ ಓಡಿಸಬೇಕೇ?" ಎಂದಳು. "ಇನ್ನೂ ಇಪ್ಪತ್ತಮೂರು ಮನೆ ಉಳಿದಿದೆ. ನಾಳೆ ಎರಡನೆಯ ಮನೆಯಲ್ಲಿ ಊಟ."

ಅವನು ಉಳಿದ. ಮರುದಿನ ಬೆಳಿಗ್ಗೆ ಭಟ್ಟಿಗೆ ಹೋಗಿ ಆ ಬಸುರಿಯ ಬುಟ್ಟಿಯನ್ನು ತನ್ನ ತಲೆಗೆ ಎತ್ತಿಕೊಂಡ. ಈ ಸಲ ಯಾರೂ ಕೀಟಲೆ ಮಾಡಲಿಲ್ಲ. ಹಗಲೆಲ್ಲ ಕಲ್ಲು ಹೊತ್ತ. ಊಟದ ಹೊತ್ತಿಗೆ ಸರದಿಯ ಮನೆಗೆ ಹೋಗಿ ಕೊಟ್ಟದ್ದನ್ನು ಕುಡಿದ. ಸಂಜೆ ಗುಡ್ಡ ಸುತ್ತಿ ಸೊಪ್ಪು ಹುಡುಕಿ ತಂದು ಬಸುರಿಯರ ಮನೆಗಳಿಗೆ ಹಂಚಿದ. ಕೂತರೆ ಮನಸ್ಸು ಕೊರೆಯುತ್ತಿತ್ತು. ಆದ್ದರಿಂದ ಕೂರಲಿಲ್ಲ. ಎರಡನೆಯ ಸುತ್ತು ಮುಗಿಯಿತು. ಈ ಸಲದ ವರದಿಯನ್ನು ಸಂಘದ ಹೆಂಗಸರ ನಡುವೆ ಕೂತು ಬರೆದ. ಒಂದೊಂದು ಸಾಲನ್ನೂ ಅವರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಮುಂದಿನ ಸಾಲಿಗೆ ಹೋದ. ಆ ಬಸುರಿ ಗೋಡೆಗೆ ಒರಗಿ ಕೂತು, "ಅಣ್ಣಾ, ಇನ್ನೊಂದು ಬಾಯಿಯನ್ನೂ ಸೇರಿಸಿ ಬರೆ. ಸುಗ್ಗಿಯ ಹೊತ್ತಿಗೆ ಅದೂ ಬಂದಿರುತ್ತದೆ" ಎಂದಳು. ಎಲ್ಲರೂ ನಕ್ಕರು. ಅವನು ಅದನ್ನೂ ಸೇರಿಸಿ ಬರೆದ.

ಮುಂದಿನ ಸುಗ್ಗಿಗೆ ಗಾಡಿ ಬಂತು.

ಆದರೆ ಅದಕ್ಕೆ ಮೊದಲು ಮಳೆಗಾಲವಿತ್ತು. ಆ ಮಳೆಗಾಲದಲ್ಲಿ ಕೇರಿಯಲ್ಲಿ ಮೂರು ಹೆರಿಗೆಗಳಾದವು. ಇಬ್ಬರು ತಾಯಂದಿರು ಉಳಿದರು. ಅವನಿಗೆ ಮೊದಲ ದಿನ ಬಡಿಸಿದವಳು ಉಳಿಯಲಿಲ್ಲ. ನಾಡಿ ಹಿಡಿಯುವುದರಲ್ಲಿ ಅವನಿಗೆ ಸಮನಾದವರು ಇರಲಿಲ್ಲ ಎಂದೆನಲ್ಲ. ಅದು ನಿಲ್ಲುವವರೆಗೂ ಅವನು ಅವಳ ಕೈ ಹಿಡಿದೇ ಇದ್ದ.

ಗುರು ಕತೆ ನಿಲ್ಲಿಸಿದರು. ಬೇರುಗಳ ಇನ್ನೊಂದು ಮಗ್ಗುಲು ಮೇಲಾಗಿತ್ತು.

ಮಂದಾಕಿನಿಗೆ ತಡೆಯಲಾಗಲಿಲ್ಲ. "ತಪ್ಪು ಅವನದೇ, ಒಪ್ಪುತ್ತೇನೆ. ಆದರೆ ಅವರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಅಮ್ಮಾ? ಒಂದು ಮಾತು. 'ನಮ್ಮಲ್ಲಿ ಏನೂ ಇಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಎದುರು ಯಾರಾದರೂ ಹಾಗೆ ಹೇಳಿದ್ದರೆ ನಾನು ಇಲ್ಲಿಗೆ ಬರುತ್ತಿದ್ದೆನೇ?"

ಗುರು ತಲೆ ಎತ್ತಿ ಅವಳ ಮುಖ ನೋಡಿದರು.

"ನಿನ್ನೆ ಆ ಕೇರಿಯಲ್ಲಿ ನಿನಗೆ ಏನು ಬಡಿಸಿದರು, ಮಗಳೇ?"

"ಅನ್ನ, ತುಪ್ಪ" ಎಂದಳು ಮಂದಾಕಿನಿ. ಬಂದ ದಾರಿಯತ್ತ ತಿರುಗಿ ಹೆಜ್ಜೆ ಹಾಕಿದಳು.