ನೀಲವ್ವ ಯಾರ ಕಡೆಯಾಕಿ

ನಮ್ಮೂರ ಬಸ್ ನಿಲ್ದಾಣದ ಎದುರು ಮಂಗಳವಾರ ಸಂಜೆ ಮಿರ್ಚಿ ಭಜಿ ಕರಿಯುವುದು ಕಾಲು ಗಂಟೆ ಸ್ಥಗಿತಗೊಂಡಿತ್ತು. ಜೀವಹಾನಿ ಆಗಿಲ್ಲ.

ಭಜಿ ಬಂಡಿಯನ್ನು ರಸ್ತೆಗೆ ಚಾಚಿ ನಿಲ್ಲಿಸಿದ್ದಕ್ಕೆ ಹಾಕಿದ ದಂಡವನ್ನು ನೀಲವ್ವ ಕಟ್ಟಿರಲಿಲ್ಲ. ಕಟ್ಟದಿದ್ದರೆ ಬಂಡಿ ಜಪ್ತಿ. ಬಂಡಿ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಪುರಸಭೆಯ ಹೆಬ್ಬಳ್ಳಿ ಸಾಹೇಬರು ಟ್ರ್ಯಾಕ್ಟರ್ ಸಮೇತ ಬಂದರು. ಆಕೆ ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಸಿದ್ಧರಾಗಿಯೇ ಬಂದಿದ್ದರು.

ನೀಲವ್ವ ಒಲೆ ಆರಿಸಿದಳು. "ಒಯ್ರಿ ಸಾಹೇಬ್ರ. ಜ್ವಾಕಿ, ಎಣ್ಣಿ ಬಿಸಿ ಅದ."

ಸಾಹೇಬರಿಗೆ ಸಂಶಯ ಬಂತು. "ಯಾರ ಕಡೆಯಾಕಿ ನೀ?"

"ಯಾರ ಕಡೆಯಾಕಿನೂ ಅಲ್ರಿ."

"ಎಮ್ಮೆಲ್ಲೆಯವರ ಕಡೆಯಾಕಿ ಏನು?"

"ಅಯ್ಯ, ಅವರ ಹೆಸರು ಯಾಕ ತರ್ತೀರಿ? ನಾ ಏನರ ಅಂದ್ನೇನ್ರಿ?"

ಶಾಸಕರನ್ನು ನೀಲವ್ವ ಕಂಡದ್ದು ನಿಲ್ದಾಣದ ಗೋಡೆಯ ಪೋಸ್ಟರಿನಲ್ಲಿ ಮಾತ್ರ. ಆದರೆ ಯಾರ ಕಡೆಯೂ ಅಲ್ಲದವರು ಇಷ್ಟು ಸಮಾಧಾನದಿಂದ ಇದ್ದದ್ದನ್ನು ಸಾಹೇಬರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಹೋಗೂ ಮುಂದ ನಿಮ್ಮ ಪೂರ್ತಿ ಹೆಸರು ಹೇಳಿ ಹೋಗ್ರಿ" ಎಂದಳು ನೀಲವ್ವ.

"ಯಾಕ?"

"ಯಾರರ ಕೇಳಿದ್ರ ಹೇಳಾಕ."

"ಯಾರು ಕೇಳ್ತಾರ?"

"ಬಡವರನ್ನ ಯಾರು ಕೇಳ್ತಾರ್ರಿ!" ಎಂದು ನೀಲವ್ವ ನಕ್ಕಳು.

ಆ ನಗು ಸಾಹೇಬರಿಗೆ ಸರಿಬರಲಿಲ್ಲ. ಪೋಸ್ಟರನ್ನೊಮ್ಮೆ, ನೀಲವ್ವನ ಮೂಗನ್ನೊಮ್ಮೆ ನೋಡಿದರು. ಹೋಲಿಕೆ ಇದೆ ಅನ್ನಿಸಿತು. ಟ್ರ್ಯಾಕ್ಟರ್ ತಿರುಗಿಸಲು ಹೇಳಿದರು.

"ಅವ್ವಾರ, ಬಂಡಿ ಒಂದೀಟು ಹಿಂದಕ್ಕ ಸರಿಸ್ರಿ. ತಪ್ಪು ತಿಳೀಬ್ಯಾಡ್ರಿ."

ಬಂಡಿ ಒಂದು ಮೊಳ ಹಿಂದೆ ಸರಿದಿದೆ. ದಂಡ ಇನ್ನೂ ಬಾಕಿಯಿದೆ.